ತೇರದಾಳದ ಶಾಸನ ಯಾವ ಪುಟದಲ್ಲಿದೆ?

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಭಾಗದ ಊರುಗಳ ಇತಿಹಾಸ ಬರೆಯಲು ಕೂತರೆ ರಟ್ಟರ ಹೆಸರು ಬಂದೇ ಬರುತ್ತದೆ. ಜಾತ್ರೆಯ ಸ್ಮರಣ ಸಂಚಿಕೆಗಳಲ್ಲಿ 'ಶಾಸನವೊಂದರ ಪ್ರಕಾರ' ಎಂಬ ಮಾತೂ ಇರುತ್ತದೆ. ಯಾವ ಶಾಸನ, ಎಲ್ಲಿ ಅಚ್ಚಾಗಿದೆ ಎಂದು ಕೇಳಿದರೆ ಉತ್ತರವಿರುವುದಿಲ್ಲ.

ರಾಯಬಾಗದ ನೆರೆಯ ತೇರದಾಳವನ್ನೇ ನೋಡಿ. ಅಲ್ಲಿನ ಹಳಗನ್ನಡ ಶಾಸನವನ್ನು ಕೆ.ಬಿ. ಪಾಠಕರು 'ಇಂಡಿಯನ್ ಆಂಟಿಕ್ವರಿ'ಯ 14ನೇ ಸಂಪುಟದಲ್ಲಿ, 1885ರಲ್ಲಿ, 14ನೇ ಪುಟದಿಂದ ಪ್ರಕಟಿಸಿದರು. ಆ ಸಂಪುಟದ ಸಂಪಾದಕರು ಜೆ.ಎಫ್. ಫ್ಲೀಟ್ ಮತ್ತು ಆರ್.ಸಿ. ಟೆಂಪಲ್. ಮುಖಪುಟವನ್ನಷ್ಟೇ ನೋಡಿ ಬರೆದುಕೊಂಡವರ ಟಿಪ್ಪಣಿಯಲ್ಲಿ ಪಾಠಕರ ದುಡಿಮೆ ಫ್ಲೀಟರ ಲೆಕ್ಕಕ್ಕೆ ಹೋಗಿಬಿಡುತ್ತದೆ. ಶಾಸನದ ಶಕ 1045 ಎಂದರೆ ಕ್ರಿ.ಶ. 1123-24. 'ಶಕ' ಎಂಬ ಎರಡಕ್ಷರ ಬಿಟ್ಟರೆ 78 ವರ್ಷ ಮಾಯ!

ಸಂಪುಟ ಮತ್ತು ವರ್ಷ ಎರಡನ್ನೂ ಬರೆದರೆ ಒಂದು ಇನ್ನೊಂದನ್ನು ಕಾಯುತ್ತದೆ. ಈ ಪತ್ರಿಕೆ ಶುರುವಾದದ್ದು 1872ರಲ್ಲಿ, ವರ್ಷಕ್ಕೊಂದು ಸಂಪುಟ. ಹಾಗಾಗಿ 14ನೇ ಸಂಪುಟದ ಮುಂದೆ 1887 ಎಂದಿದ್ದರೆ ಎಲ್ಲೋ ತಪ್ಪಾಗಿದೆ ಎಂದು ತಕ್ಷಣ ತಿಳಿಯುತ್ತದೆ. ಅಂತರ್ಜಾಲದ ಸ್ಕ್ಯಾನ್ ಪ್ರತಿ ಓದುವವರು ಇನ್ನೊಂದು ಗಮನಿಸಬೇಕು: ಪರದೆಯ ಪುಟಸಂಖ್ಯೆ ಬೇರೆ, ಅಚ್ಚಾದ ಪುಟಸಂಖ್ಯೆ ಬೇರೆ. ಬರೆಯಬೇಕಾದ್ದು ಅಚ್ಚಾದದ್ದು.

ಊರಿನ ಹೆಸರನ್ನೂ ಮೂಲದಲ್ಲಿದ್ದಂತೆಯೇ ಬರೆದು, ಪಕ್ಕದಲ್ಲಿ ಇಂದಿನ ತಾಲ್ಲೂಕು ಸೇರಿಸಿ. ಆಗ ತೇರದಾಳ ಸಾಂಗಲಿ ಸಂಸ್ಥಾನದ್ದು, ರಾಯಬಾಗ ಕೊಲ್ಹಾಪುರದ್ದು. ಚಿಕ್ಕೋಡಿ, ಅಥಣಿ ಬ್ರಿಟಿಷರ ಬೆಳಗಾವಿ ಜಿಲ್ಲೆಯವು. ಅದಕ್ಕೇ ರಾಯಬಾಗದ ವಿವರ ಇರುವುದು 1884ರ ಬೆಳಗಾವಿ ಗೆಜೆಟಿಯರ್‌ನಲ್ಲಲ್ಲ, 1886ರ ಕೊಲ್ಹಾಪುರ ಸಂಪುಟದಲ್ಲಿ.

ನಮ್ಮ ಕಡೆ ಇದು ಬರೀ ಪಂಡಿತರ ಶಿಸ್ತಲ್ಲ. ಗಡಿಯ ಚರ್ಚೆ ಮಹಾಜನ ಆಯೋಗದ 1967ರ ವರದಿಗೆ ಮುಗಿಯದೆ, 2004ರಲ್ಲಿ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. ಇಲ್ಲಿ ಕಲ್ಲನ್ನೂ ಸಾಕ್ಷಿಗೆ ಕರೆಯುತ್ತಾರೆ. ಪುಟಸಂಖ್ಯೆ ಇಲ್ಲದ ಸಾಕ್ಷಿಯನ್ನು ಎದುರಿನವರು ಒಂದೇ ಮಾತಿನಲ್ಲಿ ತಳ್ಳಿಹಾಕಬಹುದು. ನಮ್ಮವರೂ ಅದನ್ನು ಪರೀಕ್ಷಿಸಲಾರರು.

ಲೇಖಕ, ಲೇಖನದ ಹೆಸರು, ಪತ್ರಿಕೆ, ಸಂಪುಟ, ವರ್ಷ, ಪುಟ. ಓದುವಾಗಲೇ ಬರೆದುಕೊಂಡರೆ ಒಂದು ಸಾಲಿನ ಕೆಲಸ.