ಮಳೆಯ ನಾಡಿನಲ್ಲಿ ಎಳೆ ಗಿಡದ ದಾಹ: ವಿಟ್ಲದ ನೀರಾವರಿಯ ಕಥೆ

ದಕ್ಷಿಣ ಕನ್ನಡ ಜಿಲ್ಲೆಯ ಬಂಟ್ವಾಳ ತಾಲೂಕಿನ ವಿಟ್ಲದ ಆಸುಪಾಸಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಬೆಂಗಳೂರಿನಲ್ಲಿ ಬೀಳುವ ಮಳೆಯ ಮೂರು ಪಟ್ಟಿಗೂ ಇದು ಮಿಗಿಲು. ಇಂಥ ಊರಿನಲ್ಲಿ ಗಿಡಕ್ಕೆ ನೀರು ಹೊಯ್ಯುವುದೂ ಒಂದು ಸಮಸ್ಯೆಯೇ ಎಂದು ನೀವು ಕೇಳಬಹುದು. ಸಮಸ್ಯೆ ಹೌದು. ಅದಕ್ಕೆ ಉತ್ತರ ಹುಡುಕುವುದರಲ್ಲಿಯೇ ಇಲ್ಲಿನ ಕೃಷಿಯ ಇತಿಹಾಸದ ದೊಡ್ಡ ಭಾಗ ಕಳೆದಿದೆ.

ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿಯೇ ಸುರಿದುಬಿಡುತ್ತದೆ. ಡಿಸೆಂಬರಿನಿಂದ ಮೇ ತಿಂಗಳವರೆಗೆ ಆಕಾಶ ಬಹುತೇಕ ಬರಿದು. ನೆಲವೋ ಕೆಂಪು ಮುರಕಲ್ಲಿನದು. ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಪ್ರಕಟಿಸಿದ ತನ್ನ ಪ್ರವಾಸ ಗ್ರಂಥದಲ್ಲಿ ಈ ಬಗೆಯ ಕಲ್ಲಿಗೆ ‘ಲ್ಯಾಟರೈಟ್’ ಎಂದು ಹೆಸರಿಟ್ಟ. ಲ್ಯಾಟಿನ್ ಭಾಷೆಯಲ್ಲಿ ಇಟ್ಟಿಗೆಗಿರುವ ಪದದಿಂದ ಬಂದ ಹೆಸರದು. ತೂತುಗಳಿರುವ ಈ ಕಲ್ಲಿನೊಳಗೆ ನೀರು ಬೇಗ ಇಳಿಯುತ್ತದೆ, ಮೇಲ್ಮಣ್ಣು ಬೇಗ ಒಣಗುತ್ತದೆ.

ಹೊಸ ಬೇರಿನ ಕಷ್ಟ

ನಿಮ್ಮ ಕಾಲೇಜಿನ ಅಂಗಳದಲ್ಲಿ ಹುಲ್ಲಿನ ಹೆಪ್ಪೆಗಳನ್ನು ತಂದು ಹಾಸುವುದನ್ನು ನೋಡಿರಬಹುದು. ಹಾಸಿದ ದಿನ ಹಸಿರಾಗಿದ್ದ ಹುಲ್ಲು ಬಿಸಿಲು ಏರಿದಂತೆ ಬಾಡುತ್ತದೆ. ಕಾರಣ ಸರಳ. ಕಿತ್ತು ತರುವಾಗ ಬೇರುಗಳ ಬಹುಭಾಗ ಕಡಿದುಹೋಗಿರುತ್ತದೆ, ಆದರೆ ಎಲೆಗಳು ನೀರನ್ನು ಆವಿಯಾಗಿ ಬಿಡುವುದನ್ನು ನಿಲ್ಲಿಸುವುದಿಲ್ಲ. ಆದಾಯ ನಿಂತು ಖರ್ಚು ಮುಂದುವರಿದ ಮನೆಯ ಹಾಗೆ. ಆದ್ದರಿಂದ ಮೊದಲ ದಿನಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಮೇಲಿಂದ ಮೇಲೆ ನೀರು ಬೇಕು. ಬೇರು ಕೆಳಗಿಳಿದ ಮೇಲೆ ಅಂತರ ಹೆಚ್ಚಿಸಿ, ಆಳಕ್ಕೆ ಇಳಿಯುವಂತೆ ಕೊಡಬೇಕು. ಸದಾ ಮೇಲೆಯೇ ನೀರು ಸಿಕ್ಕರೆ ಬೇರು ಆಳಕ್ಕೆ ಹೋಗುವ ಗೋಜಿಗೇ ಹೋಗುವುದಿಲ್ಲ.

ವಿಟ್ಲದ ರೈತನ ಅಡಿಕೆ ಸಸಿಗೂ ಇದೇ ನಿಯಮ. ಒಂದರಿಂದ ಒಂದೂವರೆ ವರ್ಷದ ಸಸಿಯನ್ನು ಮಳೆಗಾಲದಲ್ಲಿ ನೆಡುತ್ತಾರೆ. ಮೊದಲ ಬೇಸಗೆ ದಾಟಿದರೆ ಗಿಡ ಉಳಿದಂತೆಯೇ. ಬಿಸಿಲಿಗೆ ಮರೆಯಾಗಿ ನಡುನಡುವೆ ಬಾಳೆ ನೆಡುವುದು, ಬುಡಕ್ಕೆ ಸೊಪ್ಪು ಮುಚ್ಚುವುದು, ಇವೆಲ್ಲ ಎಲೆಯ ಮತ್ತು ಮಣ್ಣಿನ ಖರ್ಚನ್ನು ತಗ್ಗಿಸುವ ಉಪಾಯಗಳು.

ಸೆಕೆಯ ನಾಡಿನಲ್ಲಿ ಇನ್ನೊಂದು ಅಪಾಯವಿದೆ. ತೇವದ ಗಾಳಿಯಲ್ಲಿ ಸಂಜೆ ತೋಯ್ದ ಎಳೆ ಹುಲ್ಲು ಬೆಳಗಿನವರೆಗೂ ಒದ್ದೆಯಾಗಿಯೇ ಇರುತ್ತದೆ. ಶಿಲೀಂಧ್ರ ರೋಗಗಳಿಗೆ ಅದು ಆಹ್ವಾನ. ಆದ್ದರಿಂದ ಹುಲ್ಲಿಗೆ ಮುಂಜಾನೆಯ ನೀರೇ ಲೇಸು. ಬುಡದಲ್ಲಿ ನೀರು ನಿಂತರೆ ಬೇರಿಗೆ ಗಾಳಿ ಸಿಗದೆ ಕೊಳೆಯುತ್ತದೆ. ಅಡಿಕೆ ತೋಟದಲ್ಲಿ ಗುಂಡಿಯ ತಳಕ್ಕಿಂತ ಆಳವಾಗಿ ಬಸಿಗಾಲುವೆ ತೆಗೆಯುವುದು ಇದಕ್ಕಾಗಿಯೇ. ನೀರು ಕೊಡುವ ವಿದ್ಯೆ, ನೀರು ಬಸಿಯುವ ವಿದ್ಯೆ ಎರಡೂ ಇಲ್ಲಿ ಜೊತೆಯಾಗಿ ಬೆಳೆದವು.

ಕಟ್ಟ, ಸುರಂಗ, ದಂಬೆ

ಪಂಪು ಬರುವ ಮೊದಲು ಇಲ್ಲಿನ ಜನ ನೀರನ್ನು ಮೂರು ಕಡೆ ಹಿಡಿದರು. ಮಳೆ ನಿಂತ ಮೇಲೆ ತೋಡುಗಳಿಗೆ ಅಡ್ಡವಾಗಿ ಕಲ್ಲು, ಮಣ್ಣು, ಸೊಪ್ಪಿನಿಂದ ‘ಕಟ್ಟ’ ಕಟ್ಟುತ್ತಿದ್ದರು. ಊರವರೆಲ್ಲ ಸೇರಿ ಮಾಡುವ ಕೆಲಸವದು. ಗುಡ್ಡದ ಮೇಲಿನ ‘ಮದಕ’ಗಳಲ್ಲಿ ಮಳೆನೀರು ನಿಂತು ನಿಧಾನವಾಗಿ ಇಂಗುತ್ತಿತ್ತು. ಗುಡ್ಡದ ಹೊಟ್ಟೆಗೆ ಅಡ್ಡಡ್ಡ ಕೊರೆದ ‘ಸುರಂಗ’ದಿಂದ ನೀರು ತಾನಾಗಿಯೇ ಹೊರಗೆ ಹರಿದು ಕೆರೆ ಸೇರುತ್ತಿತ್ತು. ವಿಟ್ಲದ ಬಳಿಯ ಮಾಣಿಲ ಸುರಂಗಗಳಿಗೆ ಹೆಸರಾದ ಗ್ರಾಮ. ಅಲ್ಲಿಂದ ನೀರು ಅಡಿಕೆ ಮರ ಸೀಳಿ ಮಾಡಿದ ದಂಬೆಯಲ್ಲಿ ಹರಿದು ತೋಟಕ್ಕೆ ಬರುತ್ತಿತ್ತು. ಕಣಿಯಲ್ಲಿ ನಿಂತ ನೀರನ್ನು ಹಾಳೆಯಿಂದ ಬುಡಕ್ಕೆ ಚಿಮ್ಮಿಸುತ್ತಿದ್ದರು.

ಇದು ಹಳೆಯ ಕಾಲದ ಮಾತಷ್ಟೇ ಅಲ್ಲ. ಅಡ್ಯನಡ್ಕದ ಸಮೀಪದ ಅಮೈ ಮಹಾಲಿಂಗ ನಾಯ್ಕರು ಕೃಷಿ ಕಾರ್ಮಿಕರಾಗಿದ್ದವರು. ತಮಗೆ ದೊರೆತ ಬೋಳುಗುಡ್ಡದಲ್ಲಿ, ದಿನದ ಕೂಲಿ ಮುಗಿಸಿ ಬಂದು ಒಬ್ಬರೇ ಸುರಂಗ ಕೊರೆದರು. ಮೊದಲ ಕೆಲವು ಸುರಂಗಗಳಲ್ಲಿ ನೀರು ಸಿಗಲಿಲ್ಲ, ಆದರೂ ಬಿಡಲಿಲ್ಲ. ಕೊನೆಗೆ ಸಿಕ್ಕ ನೀರಿನಿಂದ ಆ ಇಳಿಜಾರಿನಲ್ಲಿ ಅಡಿಕೆ, ತೆಂಗು ಎದ್ದು ನಿಂತವು. 2022ರಲ್ಲಿ ಅವರಿಗೆ ಪದ್ಮಶ್ರೀ ಗೌರವ ಸಂದಿತು.

ಅಳತೆಗೆ ಬಂದ ನೀರು

1956ರಲ್ಲಿ ವಿಟ್ಲದಲ್ಲಿ ಕೇಂದ್ರೀಯ ಅಡಿಕೆ ಸಂಶೋಧನಾ ಕೇಂದ್ರ ಆರಂಭವಾಯಿತು. ದಕ್ಷಿಣ ಕನ್ನಡ ಅಂದಿನ ಮೈಸೂರು ರಾಜ್ಯಕ್ಕೆ ಸೇರಿದ್ದೂ ಅದೇ ವರ್ಷ. 1970ರಲ್ಲಿ ಈ ಕೇಂದ್ರ ಕಾಸರಗೋಡಿನ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆಯ ಅಂಗವಾಯಿತು. 1972ರಲ್ಲಿ ‘ಮಂಗಳ’ ಎಂಬ ತಳಿಯನ್ನು ರೈತರಿಗೆ ಕೊಟ್ಟದ್ದು ವಿಟ್ಲದ ಕೇಂದ್ರವೇ.

ನೀರಿನ ಬಗೆಗೂ ಇಲ್ಲಿ ಅಧ್ಯಯನ ನಡೆಯಿತು. ಬೆಳೆದ ಮರದ ಬಹುಪಾಲು ಬೇರುಗಳು ಬುಡದಿಂದ ಒಂದು ಮೀಟರಿನೊಳಗೇ ಇರುತ್ತವೆ. ಅದರಾಚೆ ಹೊಯ್ದ ನೀರು ಮರಕ್ಕೆ ಹೆಚ್ಚಾಗಿ ಸಿಗುವುದಿಲ್ಲ. ಮರವೊಂದಕ್ಕೆ ಬೇಸಗೆಯಲ್ಲಿ ಮೂರರಿಂದ ಐದು ದಿನಕ್ಕೊಮ್ಮೆ ಸುಮಾರು 175 ಲೀಟರು ಎಂಬುದು ಶಿಫಾರಸು. ಹನಿ ನೀರಾವರಿಯಲ್ಲಾದರೆ ದಿನಕ್ಕೆ 16ರಿಂದ 20 ಲೀಟರು ಸಾಕು. ಲೆಕ್ಕ ಹಾಕಿ ನೋಡಿ. 2.7 ಮೀಟರು ಅಂತರದಲ್ಲಿ ನೆಟ್ಟರೆ ಹೆಕ್ಟೇರಿಗೆ ಸುಮಾರು 1,370 ಮರ. ಐದು ದಿನಕ್ಕೊಮ್ಮೆ ಹಳೆಯ ಕ್ರಮದಲ್ಲಿ ಕೊಟ್ಟರೆ ಸುಮಾರು 2.4 ಲಕ್ಷ ಲೀಟರು ಬೇಕು. ಅದೇ ಐದು ದಿನಕ್ಕೆ ಹನಿಯಲ್ಲಿ ಹೆಚ್ಚೆಂದರೆ 1.4 ಲಕ್ಷ ಲೀಟರು.

ಈ ಉಳಿತಾಯ ಏಕೆ ಮುಖ್ಯ? ಹಾಳೆಯಲ್ಲಿ ನೀರು ಚಿಮ್ಮಿಸುತ್ತಿದ್ದವನ ತೋಳಿಗೆ ನೀರಿನ ಬೆಲೆ ಗೊತ್ತಿತ್ತು. ಪಂಪು, ಆಮೇಲೆ ಕೊಳವೆಬಾವಿ ಬಂದ ಮೇಲೆ ಗುಂಡಿ ಒತ್ತಿದರೆ ಸಾಕಾಯಿತು. ತೋಟ ಗದ್ದೆಗೂ ಗುಡ್ಡಕ್ಕೂ ಹಬ್ಬಿತು. ಕಟ್ಟಗಳು ಕಡಿಮೆಯಾದವು, ಹಲವು ಮದಕಗಳು ಹೂಳು ತುಂಬಿದವು. ಇಂಗಿಸುವುದು ಇಳಿದು ಎತ್ತುವುದು ಏರಿದರೆ ಏನಾಗುತ್ತದೆ? ಮಳೆಯ ನಾಡಿನಲ್ಲಿಯೂ ಏಪ್ರಿಲ್‌ನಲ್ಲಿ ಬಾವಿ ಬತ್ತುತ್ತದೆ. ಬೇರು ಕಡಿದ ಹುಲ್ಲಿನ ಹೆಪ್ಪೆಯ ಲೆಕ್ಕವೇ ಊರಿಗೂ ಅನ್ವಯಿಸುತ್ತದೆ.

ಮಾಡಿ ನೋಡಿ: ಒಂದೇ ಅಳತೆಯ ಎರಡು ಹುಲ್ಲಿನ ಹೆಪ್ಪೆಗಳನ್ನು ಮಣ್ಣು ಸಡಿಲಿಸಿ ಹಾಸಿ. ಮೊದಲ ಎರಡು ವಾರ ಎರಡಕ್ಕೂ ದಿನವೂ ಮುಂಜಾನೆ ನೀರು ಕೊಡಿ. ಆಮೇಲೆ ಒಂದಕ್ಕೆ ದಿನವೂ ಒಂದು ಚೊಂಬು, ಇನ್ನೊಂದಕ್ಕೆ ಮೂರು ದಿನಕ್ಕೊಮ್ಮೆ ಮೂರು ಚೊಂಬು ಹಾಕಿ. ಒಂದು ತಿಂಗಳ ಬಳಿಕ ಎರಡರ ಅಂಚನ್ನೂ ಮೆಲ್ಲನೆ ಎತ್ತಿ, ಬೇರಿನ ಉದ್ದವನ್ನು ಅಳೆದು ಬರೆದಿಡಿ. ನಿಮ್ಮ ಊರಿನಲ್ಲಿ ಮದಕ, ಕಟ್ಟ, ಸುರಂಗ ಎಷ್ಟಿದ್ದವು, ಈಗ ಎಷ್ಟು ಉಳಿದಿವೆ ಎಂಬುದನ್ನು ಹಿರಿಯರಿಂದ ಕೇಳಿ ಅದರ ಪಕ್ಕದಲ್ಲಿಯೇ ಬರೆಯಿರಿ.