ಬೆಳೆ ವಿಮೆ: ಕಂತು ಏರದಿದ್ದರೂ ಪರಿಹಾರ ಇಳಿಯುವುದು ಹೇಗೆ?

ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆ 2016ರ ಮುಂಗಾರಿನಿಂದ ಜಾರಿಯಲ್ಲಿದೆ. ರೈತರಿಂದ ಪಡೆಯಬಹುದಾದ ಗರಿಷ್ಠ ಕಂತು, ಮುಂಗಾರಿನ ಆಹಾರಧಾನ್ಯ ಮತ್ತು ಎಣ್ಣೆಕಾಳಿಗೆ ವಿಮಾ ಮೊತ್ತದ ಶೇ. 2, ಹಿಂಗಾರಿಗೆ ಶೇ. 1.5, ವಾಣಿಜ್ಯ ಮತ್ತು ತೋಟಗಾರಿಕೆ ಬೆಳೆಗೆ ಶೇ. 5. ಸದಸ್ಯರು ನಮ್ಮಲ್ಲಿ ವಿಚಾರಿಸುವುದು ಈ ಅಂಕಿಯನ್ನೇ. ಆದರೆ ಬರಕ್ಕೆ, ಅತಿವೃಷ್ಟಿಗೆ ವಿಮಾ ಕಂಪನಿ ಕಟ್ಟಿದ ಬೆಲೆ ಇದರಲ್ಲಿ ಇಲ್ಲ.

ಅದು ಇರುವುದು ಪೂರ್ಣ ಕಂತಿನ ದರದಲ್ಲಿ. ರಾಜ್ಯ ಸರ್ಕಾರ ಜಿಲ್ಲೆಗಳನ್ನು ಗುಂಪು ಮಾಡಿ ಟೆಂಡರ್ ಕರೆಯುತ್ತದೆ, ಕಂಪನಿಗಳು ಬೆಳೆವಾರು ದರ ನಮೂದಿಸುತ್ತವೆ. ಉದಾಹರಣೆಗೆ ವಿಮಾ ಮೊತ್ತ 50,000 ರೂಪಾಯಿ, ದರ ಶೇ. 12 ಎಂದಿಟ್ಟುಕೊಳ್ಳಿ. ಒಟ್ಟು ಕಂತು 6,000. ರೈತರದು 1,000, ಉಳಿದ 5,000 ಸರ್ಕಾರಗಳದು. ಅಪಾಯ ಹೆಚ್ಚಿತೆಂದು ಕಂಪನಿ ದರ ಏರಿಸಿದರೂ ರೈತರ 1,000 ಏರುವುದಿಲ್ಲ. 2020ರಿಂದ ಕೇಂದ್ರ ಸರ್ಕಾರ ಮಳೆಯಾಶ್ರಿತ ಪ್ರದೇಶದಲ್ಲಿ ಶೇ. 30, ನೀರಾವರಿಯಲ್ಲಿ ಶೇ. 25ರ ದರದವರೆಗೆ ಮಾತ್ರ ಪಾಲು ಕೊಡುತ್ತದೆ. ಮೇಲಿನ ಭಾರ ರಾಜ್ಯದ್ದು. ಆ 12ರಲ್ಲಿ ಹಳೆಯ ನಷ್ಟಕ್ಕೆಷ್ಟು, ಮುಂದಿನ ಹವಾಮಾನದ ಅಂದಾಜಿಗೆಷ್ಟು, ಕಚೇರಿ ಖರ್ಚಿಗೆಷ್ಟು ಎಂಬ ವಿಂಗಡಣೆ ರೈತರ ಕೈಗೆ ಬರುವ ರಸೀದಿಯಲ್ಲಿ ಇರುವುದಿಲ್ಲ. ಸಾರ್ವಜನಿಕರ ಹಣ ಸೇರುವ ಲೆಕ್ಕವಿದು, ವಿಂಗಡಣೆ ಹೊರಗಿಡಲೇಬೇಕೆಂಬುದು ನಮ್ಮ ಅಭಿಪ್ರಾಯ.

ಇನ್ನೂ ಮುಖ್ಯವಾದದ್ದು ಖಾತರಿ ಇಳುವರಿ. ಕಳೆದ 7 ವರ್ಷಗಳಲ್ಲಿ ಉತ್ತಮವಾದ 5 ವರ್ಷಗಳ ಸರಾಸರಿ ತೆಗೆದು, ಅದರ ಶೇ. 70, 80 ಅಥವಾ 90 ಅನ್ನು ಖಾತರಿ ಎಂದು ಹಿಡಿಯುತ್ತಾರೆ. ಎರಡು ಬರ ಬಂದರೆ ಅವು ಲೆಕ್ಕದಿಂದ ಹೊರಗೆ. ಮೂರನೆಯದು ಬಂತೋ, ಸರಾಸರಿಯೊಳಗೇ ಸೇರುತ್ತದೆ. ಐದೂ ವರ್ಷ 10 ಕ್ವಿಂಟಲ್ ಇದ್ದರೆ, ಶೇ. 80ರಂತೆ ಖಾತರಿ 8 ಕ್ವಿಂಟಲ್. ಈ ವರ್ಷ 6 ಬಂದರೆ ಕೊರತೆ ಶೇ. 25, ಪರಿಹಾರ 12,500. ಐದರಲ್ಲಿ ಒಂದು ವರ್ಷ 4 ಕ್ವಿಂಟಲ್ ಆಗಿದ್ದರೆ ಖಾತರಿ 7.04ಕ್ಕೆ ಇಳಿದು ಅದೇ 6 ಕ್ವಿಂಟಲ್‌ಗೆ ಸಿಗುವುದು ಸುಮಾರು 7,400. ಕಂತು ಮಾತ್ರ ಅದೇ 1,000. ಪದೇ ಪದೇ ಬರ ಕಾಣುವ ಜತ್ತ, ಮಡಕಶಿರಾ, ರಾಯದುರ್ಗದ ಸದಸ್ಯರು ಇದನ್ನು ಗಮನಿಸಬೇಕು.

ಇಳುವರಿ ಅಳೆಯುವ ಘಟಕವೂ ಒಂದೇ ಅಲ್ಲ. ಕರ್ನಾಟಕದಲ್ಲಿ ಮುಖ್ಯ ಬೆಳೆಗಳಿಗೆ ಗ್ರಾಮ ಪಂಚಾಯಿತಿ, ಮಹಾರಾಷ್ಟ್ರದಲ್ಲಿ ಮಹಸೂಲ್ ಮಂಡಲ. ಗಡಿಯ ಎರಡೂ ಬದಿಯ ಹೊಲಕ್ಕೆ ಒಂದೇ ಮಳೆ ಕೈಕೊಟ್ಟರೂ ಪರಿಹಾರ ಬೇರೆಯಾಗಬಹುದು. ಕಾಸರಗೋಡಿನ ಅಡಿಕೆಯಂಥ ಹವಾಮಾನ ಆಧಾರಿತ ವಿಮೆಯಲ್ಲಿ ಇಳುವರಿ ನೋಡುವುದಿಲ್ಲ. ನಿಗದಿತ ಹವಾಮಾನ ಕೇಂದ್ರದ ಅಂಕಿಯೇ ಆಧಾರ. ಅಲ್ಲಿ ಕೇಳಬೇಕಾದ ಕಾಗದ ಟರ್ಮ್ ಶೀಟ್.

ಪೂರ್ಣ ದರ ಯೋಜನೆಯ ರಾಷ್ಟ್ರೀಯ ಪೋರ್ಟಲ್‌ನ ಕಂತು ಲೆಕ್ಕದ ಪುಟದಲ್ಲಿ ಸಿಗುತ್ತದೆ. ಖಾತರಿ ಇಳುವರಿ ಮತ್ತು ಅದರ ಹಿಂದಿನ 7 ವರ್ಷಗಳ ಅಂಕಿಗಳನ್ನು ರಾಜ್ಯದ ಕೃಷಿ ಇಲಾಖೆಯಿಂದ ಮಾಹಿತಿ ಹಕ್ಕು ಕಾಯ್ದೆ, 2005ರಡಿ ಕೇಳಬಹುದು. ಅರ್ಜಿ ಇಂಗ್ಲಿಷ್, ಹಿಂದಿ ಅಥವಾ ಆಯಾ ಪ್ರದೇಶದ ಅಧಿಕೃತ ಭಾಷೆಯಲ್ಲಿರಬೇಕು. ಗ್ರಾಮ, ಬೆಳೆ, ಹಂಗಾಮು ಮೂರನ್ನೂ ತಪ್ಪದೆ ಬರೆಯಿರಿ. ಬಂದ ಉತ್ತರದ ಒಂದು ನಕಲನ್ನು ಸಂಘಕ್ಕೂ ಕಳುಹಿಸಿದರೆ ಗಡಿಯ ಆಚೀಚೆಯ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಇಲ್ಲಿಯೇ ಪ್ರಕಟಿಸುತ್ತೇವೆ.