ಹಂದಿಗೋಡು ಕಾಯಿಲೆ: ಒಂದು ಚಾರಿತ್ರಿಕ ಟಿಪ್ಪಣಿ
ನಮ್ಮ ಶಾಸನಗಳಲ್ಲಿ ಅರಸರ ವಂಶಾವಳಿಗಳು ವಿಪುಲವಾಗಿವೆ. ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ ಕೃಷಿಕೂಲಿಗಾರರ ವಂಶಾವಳಿಯನ್ನು ಬರೆಯಿಸಿದುದು ಒಂದು ರೋಗ. ಸೊಂಟ, ಮೊಣಕಾಲುಗಳ ಕೀಲುಗಳು ಸವೆದು ಅಲ್ಲಿಯ ಕೆಲವರು ನಡೆಯಲಾರದವರಾಗುತ್ತಿದ್ದುದು 1975ರ ಸುಮಾರಿಗೆ ವೈದ್ಯರ ಗಮನಕ್ಕೆ ಬಂದಿತು. ಕೀಟನಾಶಕ ಸೇರಿದ ಗದ್ದೆಯ ಏಡಿ, ಮೀನುಗಳನ್ನು ತಿಂದುದೇ ಕಾರಣವೆಂದು ಮೊದಲು ಶಂಕಿಸಲಾಯಿತು. ಆದರೆ ರೋಗವು ಕೆಲವೇ ಮನೆತನಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಇಳಿದು ಬಂದಿತ್ತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಂಶೋಧಕರು ವಂಶಾವಳಿಗಳನ್ನೂ ಕ್ಷ-ಕಿರಣ ಚಿತ್ರಗಳನ್ನೂ ಪರಿಶೀಲಿಸಿ, ಇದು ಎಲುಬಿನ ಬೆಳವಣಿಗೆಯ ಆನುವಂಶಿಕ ದೋಷವೆಂದು ನಿರ್ಣಯಿಸಿದರು. ಮಿದುಳಿನ ನರಕೋಶಗಳನ್ನು ನಾಶಗೊಳಿಸುವ ಹಂಟಿಂಗ್ಟನ್ ರೋಗದಂತೆಯೇ ಇಲ್ಲಿಯೂ ತಂದೆತಾಯಿಗಳಲ್ಲಿ ಒಬ್ಬರಿಗೆ ರೋಗವಿದ್ದರೂ ಪ್ರತಿ ಮಗುವಿಗೂ ಅದು ಬರುವ ಸಂಭವ ಅರ್ಧದಷ್ಟು. ರೋಗಕ್ಕೆ ಊರಿನ ಹೆಸರು ದೊರೆತಿದೆ. ಅದನ್ನು ಗುಣಪಡಿಸುವ ಔಷಧವು ಆ ಮನೆಗಳಿಗೆ ಇನ್ನೂ ದೊರೆತಿಲ್ಲ.